ಅಮ್ಮನ ಒಡವೆ ಡಬ್ಬಿಯಲ್ಲಿದ್ದ ಎರಡು ಹಳೇ ಚಿನ್ನದ ನಾಣ್ಯ: ಬೆಲೆ ತಿಳಿಯುವುದು ಹೇಗೆ?

ಹೊಸನಗರದ ಮಗಳು:
ಎಲ್ಲರಿಗೂ ನಮಸ್ಕಾರ. ಅಮ್ಮನ ವರ್ಷಾಂತಿಕ ಮುಗಿದ ಮೇಲೆ ಅವರ ಒಡವೆ ಡಬ್ಬಿ ತೆಗೆದೆವು. ಬಳೆ, ಸರ ಎಲ್ಲ ಗೊತ್ತಿರುವುದೇ. ಅದರ ಜೊತೆ ಎರಡು ಚಿನ್ನದ ನಾಣ್ಯ ಇವೆ. ಅಮ್ಮನಿಗೆ ಅವರ ತಾಯಿ ಕೊಟ್ಟಿದ್ದು ಅಂತ ಅಕ್ಕ ಹೇಳುತ್ತಾಳೆ.

ಒಂದು ಈಗಿನ ಒಂದು ರೂಪಾಯಿ ನಾಣ್ಯದಷ್ಟು ಅಗಲ ಇದೆ. ಒಂದು ಕಡೆ ಗಡ್ಡದ ರಾಜನ ತಲೆ. ಇನ್ನೊಂದು ಕಡೆ ಕುದುರೆ ಮೇಲೆ ಕುಳಿತವನು ಕೆಳಗಿರುವ ಏನನ್ನೋ ಕೊಲ್ಲುತ್ತಿದ್ದಾನೆ. 1918 ಅಂತ ಇದೆ. ಮೇಲ್ಗಡೆ ಸರಕ್ಕೆ ಪೋಣಿಸುವ ಕೊಂಡಿ ಬೆಸುಗೆ ಹಾಕಿದ್ದಾರೆ.

ಇನ್ನೊಂದು ಅಂಗಿ ಗುಂಡಿಯಷ್ಟು ಚಿಕ್ಕದು, ಆದರೆ ದಪ್ಪ. ಅಂಚು ಸರಿಯಾಗಿ ದುಂಡಗಿಲ್ಲ. ಒಂದು ಕಡೆ ಇಬ್ಬರು ಕುಳಿತಿದ್ದಾರೆ, ದೇವರಿರಬೇಕು. ಇನ್ನೊಂದು ಕಡೆ ಹಿಂದಿ ತರಹದ ಅಕ್ಷರ. ಇಸವಿ ಇಲ್ಲ.

ಪೇಟೆಯ ಒಡವೆ ಅಂಗಡಿಯಲ್ಲಿ ತೋರಿಸಿದರೆ ತಕ್ಕಡಿಗೂ ಹಾಕದೆ, "ಎರಡೂ ಹಳೇ ಚಿನ್ನ ಮೇಡಂ, ಇವತ್ತಿನ ರೇಟಿಗೆ ಸ್ವಲ್ಪ ಕಡಿಮೆ ಹಾಕಿ ತಗೋತೀನಿ" ಅಂದರು. ಮನೆಗೆ ಬಂದರೆ ಅಕ್ಕನ ಮಗ ಮೊಬೈಲ್‌ನಲ್ಲಿ ಯಾವುದೋ ವಿಡಿಯೋ ತೋರಿಸಿ, ಇಂಥವಕ್ಕೆ ಕೋಟಿ ಕೊಡುತ್ತಾರಂತೆ ಅನ್ನುತ್ತಾನೆ. ನಾವು ಮೂವರು ಮಕ್ಕಳು. ತಮ್ಮ ಅಮೆರಿಕದಲ್ಲಿದ್ದಾನೆ, ನೆನಪಿಗೆ ಒಂದು ನಾಣ್ಯ ತನಗೆ ಬೇಕು ಅಂತಾನೆ. ಹಂಚಿಕೊಳ್ಳುವ ಮೊದಲು ಸರಿಯಾದ ಬೆಲೆ ಗೊತ್ತಾಗಬೇಕು, ಅಲ್ವಾ? ಫೋಟೋ ಹಾಕಿದ್ದೇನೆ, ಸ್ವಲ್ಪ ಮಬ್ಬಾಗಿದೆ.

ಧಾರವಾಡ ಪೇಡೆ:
ಕೋಟಿ ಬಂದರೆ ನಮ್ಮನ್ನೂ ನೆನಪಿಡ್ರಿ ಅಕ್ಕಾರ. ಅಲ್ಲಿ ತನಕ ಆ ಹುಡುಗನ ಕೈಗೆ ನಾಣ್ಯ ಕೊಡಬ್ಯಾಡ್ರಿ.

ನಾಣ್ಯಪ್ರಿಯ ಮೈಸೂರು:
ಮೊದಲಿಗೆ, ಎರಡನ್ನೂ ತೊಳೆಯಬೇಡಿ. ಹುಣಸೆಹಣ್ಣು, ಅಂಟುವಾಳ, ಟೂತ್‌ಪೇಸ್ಟ್, ಬ್ರಷ್ ಯಾವುದೂ ಬೇಡ. ಅಂಗಡಿಯವರು ಸುಮ್ನೆ ಪಾಲಿಷ್ ಮಾಡಿಕೊಡುತ್ತೇನೆ ಅಂದರೂ ಬೇಡ ಅನ್ನಿ. ಉಜ್ಜಿದ ನಾಣ್ಯ ಹೊಳೆಯುತ್ತದೆ, ಆದರೆ ಮೇಲ್ಮೈಯಲ್ಲಿ ಗೀರು ಬೀಳುತ್ತದೆ. ಸಂಗ್ರಹಕಾರ ಅದನ್ನು ಭೂತಗನ್ನಡಿಯಲ್ಲಿ ಒಂದೇ ನೋಟಕ್ಕೆ ಹಿಡಿಯುತ್ತಾನೆ. ಬೆಲೆ ಇಳಿಯುವುದು ಅಲ್ಲೇ.

ದೊಡ್ಡದು ಬ್ರಿಟಿಷ್ ಸವರನ್. ಗಡ್ಡದವನು ಐದನೇ ಜಾರ್ಜ್. ಕುದುರೆ ಮೇಲಿರುವವನು ಸೇಂಟ್ ಜಾರ್ಜ್, ಕೆಳಗೆ ಬಿದ್ದಿರುವುದು ಡ್ರ್ಯಾಗನ್. ಈ ಚಿತ್ರ 1817ರ ಸವರನ್‌ನಿಂದ ಬಂದಿದ್ದು, ಕೆತ್ತಿದವನು ಪಿಸ್ಟ್ರೂಚಿ ಎಂಬ ಇಟಲಿಯವನು. ನಾಣ್ಯದ ಮೇಲೆ ಇಷ್ಟು ಬೆಲೆ ಅಂತ ಎಲ್ಲೂ ಬರೆದಿರುವುದಿಲ್ಲ, ಹುಡುಕಬೇಡಿ. ನಮ್ಮ ಕಡೆ ಒಂದು ಪವನ್ ಅಂದರೆ 8 ಗ್ರಾಂ ಅಂತ ಲೆಕ್ಕ ಹಾಕುತ್ತಾರಲ್ಲ, ಆ ಲೆಕ್ಕದ ಮೂಲ ಇದೇ.

ಇದರ ಅಳತೆ ಪಕ್ಕಾ. ತೂಕ 7.98 ಗ್ರಾಂ, 22 ಕ್ಯಾರಟ್, ಅಗಲ 22 ಮಿಲಿಮೀಟರ್, ಅಂಚಿಗೆ ಸಣ್ಣ ಸಣ್ಣ ಗೆರೆ. ಒಳಗಿರುವ ಅಪ್ಪಟ ಚಿನ್ನ 7.32 ಗ್ರಾಂ. ಹಾಗಾಗಿ ಕನಿಷ್ಠ ಬೆಲೆಯನ್ನು ನೀವೇ ಲೆಕ್ಕ ಹಾಕಬಹುದು. 24 ಕ್ಯಾರಟ್ ದರ ಗ್ರಾಂಗೆ 10,000 ರೂಪಾಯಿ ಅಂತಿಟ್ಟುಕೊಳ್ಳಿ, 7.32ರಿಂದ ಗುಣಿಸಿದರೆ 73,200. ಅವತ್ತಿನ ದರ ಏನಿದೆಯೋ ಅದನ್ನು ಹಾಕಿಕೊಳ್ಳಿ. ಅದಕ್ಕಿಂತ ತೀರಾ ಕೆಳಗೆ ಯಾರು ಕೇಳಿದರೂ ಎದ್ದು ಬನ್ನಿ.

ಈಗ ನೀವು ಒಂದು ಕೆಲಸ ಮಾಡಿ. 1918ರ ಇಸವಿಯ ಮೇಲೆ, ಕುದುರೆ ಕಾಲಿನ ಕೆಳಗಿನ ನೆಲದ ಗೆರೆಯಲ್ಲಿ, ಒಂದು ಪುಟ್ಟ ಇಂಗ್ಲಿಷ್ ಅಕ್ಷರ ಇದೆಯಾ ನೋಡಿ. ಆ ಅಕ್ಷರ ಟಂಕಸಾಲೆಯ ಗುರುತು. ಎಸ್ ಇದ್ದರೆ ಸಿಡ್ನಿ, ಎಂ ಮೆಲ್ಬರ್ನ್, ಪಿ ಪರ್ತ್, ಸಿ ಕೆನಡಾದ ಒಟ್ಟಾವಾ, ಐ ಇದ್ದರೆ ನಮ್ಮ ಬಾಂಬೆ. ಚಿಕ್ಕ ನಾಣ್ಯ ವರಹ. ಅದರ ಅಕ್ಷರದ ಕಡೆಯ ಫೋಟೋ ಇನ್ನೊಮ್ಮೆ ಹಾಕಿ. ಅದು ಗೊತ್ತಾಗದೆ ಮಾತಾಡುವುದು ತಪ್ಪು.

ಒರೆಗಲ್ಲು:
ನಮ್ಮದು ಅಕ್ಕಸಾಲಿ ಮನೆ. ನಾಣ್ಯಪ್ರಿಯ ಸರ್ ಹೇಳಿದ್ದು ಸರಿ, ಆದರೆ ಕೊಂಡಿ ವಿಷಯ ಬಿಟ್ಟರು.

ಕೊಂಡಿ ಬೆಸುಗೆ ಹಾಕಿದ ಸವರನ್ ಸಂಗ್ರಹಕಾರರ ಕಣ್ಣಿಗೆ ಗಾಯಗೊಂಡ ನಾಣ್ಯ. ಕೊಂಡಿ ತೆಗೆಸಿದರೂ ಬೆಸುಗೆಯ ಕಲೆ ಅಂಚಿನಲ್ಲಿ ಉಳಿಯುತ್ತದೆ. ಆದ್ದರಿಂದ ಅದನ್ನು ಚಿನ್ನದ ಬೆಲೆಗೇ ನೋಡಿ, ಮೇಲೆ ಸಿಕ್ಕರೆ ಲಾಭ. ತೂಕಕ್ಕೂ ಕೊಂಡಿ ಸೇರುತ್ತದೆ. 8.3 ಅಥವಾ 8.4 ಬಂದರೆ ಗಾಬರಿ ಆಗಬೇಡಿ. ಆ ಹೆಚ್ಚಿನ ತೂಕವೂ 22 ಕ್ಯಾರಟ್ ಅಂತ ಎಣಿಸಲೂ ಬೇಡಿ. ಹಳೇ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಜಾಸ್ತಿ ಇರುತ್ತದೆ.

ಇನ್ನೊಂದು. ಕಾಸಿನ ಸರ ಮಾಡುವಾಗ ನಿಜವಾದ ಸವರನ್ ಸಾಲದೆ ಹೋದರೆ ನಮ್ಮವರೇ ಅಚ್ಚು ಮಾಡಿ ಅದೇ ರೀತಿ ಹೊಡೆಯುತ್ತಿದ್ದರು. ಮೋಸಕ್ಕೇ ಅಂತಲ್ಲ, ಒಡವೆಗೆ. ಚಿನ್ನವೇ ಇರುತ್ತದೆ, ಆದರೆ ಟಚ್, ಅಂದರೆ ಶುದ್ಧತೆ, ಕಡಿಮೆ ಇರಬಹುದು. ಅಂಥದ್ದರಲ್ಲಿ ಅಕ್ಷರ ಮೊಂಡಾಗಿರುತ್ತದೆ, ರಾಜನ ಗಡ್ಡದ ಕೂದಲು ಬಿಡಿಬಿಡಿಯಾಗಿ ಕಾಣುವುದಿಲ್ಲ, ಅಂಚಿನ ಗೆರೆ ಏರುಪೇರಾಗಿರುತ್ತದೆ.

ಒರೆಗಲ್ಲಿಗೆ ಉಜ್ಜಲು ಬಿಡಬೇಡಿ, ನನ್ನ ಹೆಸರೇ ಒರೆಗಲ್ಲು ಆದರೂ ಹೇಳುತ್ತಿದ್ದೇನೆ. ಹಾಲ್‌ಮಾರ್ಕಿಂಗ್ ಸೆಂಟರ್‌ನಲ್ಲಿ ಕ್ಯಾರಟ್ ಮೀಟರ್ ಇರುತ್ತದೆ, ಎಕ್ಸ್‌ರೇ ಬಿಟ್ಟು ನೋಡುತ್ತಾರೆ, ನಾಣ್ಯಕ್ಕೆ ಗೀರು ಬೀಳುವುದಿಲ್ಲ. ನಾಣ್ಯದ ಮೈಮೇಲೆ ಒಂದು ಸಲ, ಬೆಸುಗೆಯ ಹತ್ತಿರ ಒಂದು ಸಲ ನೋಡಲು ಹೇಳಿ. ಚೀಟಿ ಬರೆಸಿಕೊಳ್ಳಿ. ಆ ಯಂತ್ರಕ್ಕೆ ಮೇಲ್ಪದರ ಮಾತ್ರ ಕಾಣುವುದು, ಹಾಗಾಗಿ ತೂಕವನ್ನೂ ಅಗಲವನ್ನೂ ಜೊತೆಗೆ ನೋಡಲೇಬೇಕು.

ಬಯಲುಸೀಮೆಯವ:
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಕರಗಿಸಿ ಮೂರು ಉಂಗುರ ಮಾಡಿಸಿ ಮೂವರೂ ಹಾಕಿಕೊಳ್ಳಿ. ತಾಯಿ ನೆನಪೂ ಆಯಿತು, ಜಗಳವೂ ಇಲ್ಲ.

ನಾಣ್ಯಪ್ರಿಯ ಮೈಸೂರು:
@ಬಯಲುಸೀಮೆಯವ, ಸವರನ್ ಕರಗಿಸಿದರೆ ನನಗೆ ಅಷ್ಟೇನೂ ಬೇಜಾರಿಲ್ಲ ಸರ್, ಅಂಥವು ಬೇಕಾದಷ್ಟಿವೆ. ವರಹ ಕರಗಿಸಿ ಅಂದರೆ ಮಾತ್ರ ಜಗಳಕ್ಕೆ ಬರುತ್ತೇನೆ. ಅದು ಯಾರದ್ದು ಅಂತ ಗೊತ್ತಾಗುವ ತನಕವಾದರೂ ತಾಳಿ.

ಲೆಕ್ಕದ ಪುಸ್ತಕ:
ಉಂಗುರಕ್ಕೆ ಮಜೂರಿ, ವೇಸ್ಟೇಜ್, ಅದರ ಮೇಲೆ ಜಿಎಸ್‌ಟಿ. ಇರುವ ಚಿನ್ನವೂ ಕರಗುತ್ತದೆ, ಕೈಯಿಂದ ದುಡ್ಡೂ ಹೋಗುತ್ತದೆ. ಕರಗಿಸುವುದು ಅಗ್ಗದ ದಾರಿ ಅಂತ ಯಾರು ಹೇಳಿದರೋ.

ಹೊಸನಗರದ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಪರಿಚಯದವರ ಅಂಗಡಿಯಲ್ಲಿ ತೂಕ ಹಾಕಿಸಿದೆ. ದೊಡ್ಡದು ಕೊಂಡಿ ಸೇರಿ 8.41 ಗ್ರಾಂ. ಚಿಕ್ಕದು 3.38. ಭೂತಗನ್ನಡಿಯಲ್ಲಿ ನೋಡಿದರೆ 1918ರ ಮೇಲೆ ಐ ಅಕ್ಷರ ಸ್ಪಷ್ಟವಾಗಿದೆ! ಅಂದರೆ ಬಾಂಬೆಯದ್ದಾ? ಅದು ಅಪರೂಪವಾ?

ಚಿಕ್ಕದರ ಫೋಟೋ ಬಿಸಿಲಲ್ಲಿ ತೆಗೆದಿದ್ದೇನೆ. ಮೂರು ಸಾಲು ಅಕ್ಷರ ಇದೆ. ಯಾವ ಭಾಷೆಯೋ ಓದಲಾಗುತ್ತಿಲ್ಲ.

ನಾಣ್ಯಪ್ರಿಯ ಮೈಸೂರು:
ಮೇಡಂ, ಫೋಟೋ ತಲೆಕೆಳಗಾಗಿದೆ. ತಿರುಗಿಸಿ ನೋಡಿ. ನಾಗರಿ ಲಿಪಿ. ಮೇಲೆ ಶ್ರೀ, ಅದರ ಕೆಳಗೆ ಸದಾಶಿವ. ನಿಮ್ಮ ಕೈಯಲ್ಲಿರುವುದು ಇಕ್ಕೇರಿ ವರಹ, ಕೆಳದಿ ನಾಯಕರದ್ದು. ಹೊಸನಗರದವರು ಅಂತೀರಿ, ಅವರ ಕೊನೆಯ ರಾಜಧಾನಿ ಬಿದನೂರು ನಿಮ್ಮ ತಾಲ್ಲೂಕಿನ ನಗರವೇ ಅಲ್ವಾ!

ಮುಂಬದಿಯಲ್ಲಿ ಕುಳಿತಿರುವವರು ಶಿವ ಪಾರ್ವತಿ. ಈ ಚಿತ್ರದ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ಬೆಲೆ ನಿಂತಿರುವುದೇ ಇದರ ಮೇಲೆ. ಉಮಾಮಹೇಶ್ವರರನ್ನು ವಿಜಯನಗರದ ದೇವರಾಯರ ಕಾಲದ ನಾಣ್ಯದಲ್ಲೇ ನೋಡಬಹುದು. ಕೆಳದಿಯವರು ಅದನ್ನು ಮುಂದುವರಿಸಿದರು. ಹಿಂಬದಿಯಲ್ಲಿ ಸದಾಶಿವ ನಾಯಕನ ಹೆಸರು ಹಾಕಿದರು, ಅವನ ನಂತರ ಬಂದವರೂ ಆ ಹೆಸರನ್ನೇ ಇಟ್ಟುಕೊಂಡರು. 1763ರಲ್ಲಿ ಹೈದರ್ ಅಲಿ ಬಿದನೂರು ಹಿಡಿದ. ಅವನೂ ಶಿವ ಪಾರ್ವತಿಯನ್ನು ತೆಗೆಯಲಿಲ್ಲ! ಹಿಂಬದಿಗೆ ಮಾತ್ರ ಚುಕ್ಕಿ ತುಂಬಿ, ನಡುವೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿದ. ಜನ ನಂಬಿದ ನಾಣ್ಯ ಬದಲಾಯಿಸಿದರೆ ಸಂತೆಯಲ್ಲಿ ಯಾರು ತಗೋತಾರೆ? ವ್ಯಾಪಾರ ಬಲ್ಲ ದೊರೆ. ಟಿಪ್ಪು ಬಂದ ಮೇಲೆ ಚಿತ್ರ ಹೋಗಿ ಬರೀ ಬರಹ ಉಳಿಯಿತು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವ ಪಾರ್ವತಿ ಮತ್ತೆ ಬಂದರು, ಹಿಂದೆ ನಾಗರಿಯಲ್ಲಿ ಶ್ರೀ ಕೃಷ್ಣರಾಜ ಅಂತ.

ಅಂದರೆ ಮುಂಬದಿ ನೋಡಿ ಯಾರೂ ಬೆಲೆ ಹೇಳಲಾರರು. ಹಿಂಬದಿ ಓದಬೇಕು. ಕೆಳದಿ, ಹೈದರ್, ಒಡೆಯರ್ ಮೂರೂ ವರಹಕ್ಕೆ ತೂಕ ಹೆಚ್ಚುಕಡಿಮೆ 3.4 ಗ್ರಾಂ. ನಿಮ್ಮ 3.38 ಸರಿಯಾಗಿ ಕೂತಿದೆ.

ಈಗ ನೇರ ಮಾತು. ಇಕ್ಕೇರಿ ವರಹ ಚೆಂದದ ನಾಣ್ಯ, ಆದರೆ ಅಪರೂಪದ್ದಲ್ಲ. ಹರಾಜಿಗೆ ಮತ್ತೆ ಮತ್ತೆ ಬರುತ್ತದೆ. ಚಿನ್ನದ ಬೆಲೆಯ ಮೇಲೆ ಒಂದಿಷ್ಟು ಜಾಸ್ತಿ ಸಿಗುತ್ತದೆ, ಕೋಟಿ ಅಲ್ಲ. ಇಬ್ಬರ ಮುಖವೂ ಕಾಣಬೇಕು, ಅಕ್ಷರ ಪೂರ್ತಿ ನಾಣ್ಯದೊಳಗೆ ಬಿದ್ದಿರಬೇಕು, ತೂತು ಅಥವಾ ಬೆಸುಗೆ ಇರಬಾರದು. ಹೀಗಿದ್ದರೆ ಮೇಲಿನ ದರ. ನಿಮ್ಮದರಲ್ಲಿ ಪಾರ್ವತಿಯ ಮುಖ ಸವೆದಿದೆ, ಉಳಿದದ್ದು ಚೆನ್ನಾಗಿದೆ.

ಬಾಂಬೆ ಸವರನ್ ವಿಷಯ. ಮೊದಲ ಮಹಾಯುದ್ಧದ ಸಮಯದಲ್ಲಿ ಇಲ್ಲಿದ್ದ ಚಿನ್ನವನ್ನು ಹಡಗಿನಲ್ಲಿ ಲಂಡನ್‌ಗೆ ಕಳಿಸಿ ನಾಣ್ಯ ಮಾಡಿಸಿ ತರುವುದು ಅಪಾಯದ ಕೆಲಸವಾಗಿತ್ತು. ಅದಕ್ಕೆ ಬ್ರಿಟನ್ನಿನ ಟಂಕಸಾಲೆ ರಾಯಲ್ ಮಿಂಟ್ ಬಾಂಬೆಯಲ್ಲೇ ಶಾಖೆ ತೆರೆಯಿತು. ಅಲ್ಲಿಂದ ಬಂದ ಸವರನ್‌ನಲ್ಲಿ ಇರುವುದು 1918 ಒಂದೇ ಇಸವಿ. ಸುಮಾರು 13 ಲಕ್ಷ ಹೊಡೆದರು. ಒಂದೇ ಇಸವಿ ಅನ್ನುವ ಕಾರಣಕ್ಕೆ ಸಂಗ್ರಹಕಾರರಿಗೆ ಇಷ್ಟ. ಆದರೆ 13 ಲಕ್ಷ ಸಣ್ಣ ಸಂಖ್ಯೆ ಅಲ್ಲ. ಕೊಂಡಿ ಇಲ್ಲದಿದ್ದರೆ ಸ್ವಲ್ಪ ಪ್ರೀಮಿಯಂ ಕೇಳಿ ಅನ್ನುತ್ತಿದ್ದೆ. ಕೊಂಡಿ ಇದೆ, ಹಾಗಾಗಿ ಒರೆಗಲ್ಲು ಸರ್ ಮಾತಿಗೇ ನನ್ನ ಮತ.

ಕಡಲತಡಿ:
ಅದೇ 1918ರಲ್ಲಿ ಬಾಂಬೆಯಲ್ಲಿ 15 ರೂಪಾಯಿಯ ಚಿನ್ನದ ನಾಣ್ಯವೂ ಆಗಿತ್ತು. ಸವರನ್ ಅಚ್ಚು ಬರುವ ತನಕ ಅದನ್ನು ಹೊಡೆದರು. ತೂಕ, ಟಚ್ ಎರಡೂ ಸವರನ್‌ನದ್ದೇ. ಮನೆಯಲ್ಲಿ ಐದನೇ ಜಾರ್ಜ್ ಕಿರೀಟ ಹಾಕಿಕೊಂಡ ಚಿನ್ನದ ನಾಣ್ಯ ಇದ್ದರೆ, ಹಿಂದೆ 15 ಅಂತ ಇದ್ದರೆ, ಅದನ್ನು ಸವರನ್ ದರಕ್ಕೆ ಕೊಡಬೇಡಿ. ಸಂಗ್ರಹಕಾರರು ಜಾಸ್ತಿ ಕೊಡುತ್ತಾರೆ.

ಉಡುಪಿ ಕಡೆ ಬಂದರೆ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಮ್ಯೂಸಿಯಂ ನೋಡಿ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಶುರುವಾದ ಜಾಗ. ಅಲ್ಲಿ ಬೆಲೆ ಹೇಳುವುದಿಲ್ಲ, ಆದರೆ ಅಸಲಿ ನಾಣ್ಯ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ.

ಧಾರವಾಡ ಪೇಡೆ:
ನಡುವೆ ನನ್ನದೊಂದು. ನಮ್ಮ ಆಯಿ ಹತ್ತಿರ ಪುತಳಿ ಸರ ಇದೆ. ಅದರ ನಾಣ್ಯಗಳ ಮೇಲೆ ಒಬ್ಬ ನಿಂತಿದ್ದಾನೆ, ಇನ್ನೊಬ್ಬ ಮಂಡಿ ಊರಿದ್ದಾನೆ. ಮನೆಯಲ್ಲಿ ಎಲ್ಲರೂ ಅದನ್ನು ದೇವರು ಅಂತ ಕೈ ಮುಗಿಯುತ್ತಾರೆ. ಯಾವ ದೇವರು ಸರ್ ಅದು?

ನಾಣ್ಯಪ್ರಿಯ ಮೈಸೂರು:
ನಿಂತವರು ಸೇಂಟ್ ಮಾರ್ಕ್, ಮಂಡಿ ಊರಿದವನು ವೆನಿಸ್ ನಗರದ ದೊರೆ. ಹಿಂದೆ ನೋಡಿ, ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಕ್ರಿಸ್ತ ಇರುತ್ತಾನೆ. ವೆನಿಸ್‌ನ ಡಕಟ್ ನಾಣ್ಯ, ಸುಮಾರು 3.5 ಗ್ರಾಂ, ಬಹುತೇಕ ಅಪ್ಪಟ ಚಿನ್ನ. ಮೆಣಸು, ಬಟ್ಟೆ ಕೊಳ್ಳಲು ಬಂದವರ ಜೊತೆ ಇಲ್ಲಿಗೆ ಬಂತು. ಆದರೆ ಸರದಲ್ಲಿರುವುದು ಬಹಳಷ್ಟು ಸಲ ನಮ್ಮಲ್ಲೇ ಮಾಡಿದ ನಕಲು. ಅಕ್ಷರಗಳು ಬರೀ ಗೀಟುಗಳಂತೆ ಕಂಡರೆ ನಕಲು ಅಂತಲೇ ತಿಳಿಯಿರಿ. ಆಯಿಗೆ ಹೇಳಬೇಡಿ, ಕೈ ಮುಗಿಯಲಿ ಬಿಡಿ.

ಹೊಸನಗರದ ಮಗಳು:
ಇಕ್ಕೇರಿ ಅಂತ ಓದಿ ಅಕ್ಕನಿಗೆ ಫೋನ್ ಮಾಡಿದೆ. ಇಬ್ಬರಿಗೂ ಖುಷಿ. ಈಗ ಮುಂದೇನು? ಬೆಲೆಯನ್ನು ಯಾರ ಹತ್ತಿರ ಹೇಳಿಸಬೇಕು? ತಮ್ಮ ಬೇಸಿಗೆಗೆ ಬರುತ್ತಾನೆ, ಅವನಿಗೆ ವರಹ ಕೊಟ್ಟು ಕಳಿಸಿದರೆ ಆಗುತ್ತಾ?

ಲೆಕ್ಕದ ಪುಸ್ತಕ:
ಇಲ್ಲಿ ಬ್ರೇಕ್ ಹಾಕಿ ಮೇಡಂ. 100 ವರ್ಷ ದಾಟಿದ ನಾಣ್ಯ ಕಾನೂನಿನ ಪ್ರಕಾರ ಪುರಾತನ ವಸ್ತು. 1972ರ ಕಾಯ್ದೆಯಂತೆ ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಉಡುಗೊರೆ, ನೆನಪು, ಪಿತ್ರಾರ್ಜಿತ ಅಂದರೂ ನಡೆಯುವುದಿಲ್ಲ. ವರಹ ಬಿಡಿ, ನಿಮ್ಮ 1918ರ ಸವರನ್ ಕೂಡ 100 ವರ್ಷ ದಾಟಿದೆ. ವಿಮಾನ ನಿಲ್ದಾಣದಲ್ಲಿ ಹಿಡಿದರೆ ನಾಣ್ಯವೂ ಹೋಗುತ್ತದೆ, ಕೇಸೂ ಆಗುತ್ತದೆ. ಕೊರಿಯರ್‌ನಲ್ಲಿ ಕಳಿಸುವ ಯೋಚನೆಯೂ ಬೇಡ. ತಮ್ಮನ ಪಾಲು ಇಲ್ಲೇ ಅಕ್ಕನ ಹತ್ತಿರ ಇರಲಿ, ಇಲ್ಲವೇ ದುಡ್ಡಿನ ರೂಪದಲ್ಲಿ ಕೊಡಿ.

ತೆರಿಗೆ ವಿಷಯವನ್ನೂ ಹೇಳಿಬಿಡುತ್ತೇನೆ. ತಾಯಿಯಿಂದ ಬಂದಾಗ ತೆರಿಗೆ ಇಲ್ಲ. ಮಾರಿದರೆ ಲಾಭದ ಮೇಲೆ ಬರುತ್ತದೆ. ಮನೆಗೆ ಬಂದದ್ದು 2001ರ ಏಪ್ರಿಲ್ 1ಕ್ಕಿಂತ ಮುಂಚೆ ಆದ್ದರಿಂದ, ಆ ದಿನದ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆ ಅಂತ ಹಿಡಿಯಬಹುದು. 2024ರ ಜುಲೈ 23ರಿಂದ ಈಚೆಗೆ ಮಾರಿದ್ದಕ್ಕೆ ದೀರ್ಘಾವಧಿ ಲಾಭದ ಮೇಲೆ ಶೇ. 12.5. ಮೂವರ ಪಾಲಿದ್ದರೆ ಮೂವರೂ ತಮ್ಮ ತಮ್ಮ ಪಾಲನ್ನು ತೋರಿಸಬೇಕು. ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳಬೇಡಿ, ಬ್ಯಾಂಕ್ ಮೂಲಕವೇ ಆಗಲಿ. ಅಮ್ಮನ ಒಡವೆ ಎಂದು ಮೂವರೂ ಸಹಿ ಮಾಡಿದ ಒಂದು ಪಟ್ಟಿ, ನಾಣ್ಯಗಳ ಫೋಟೋ ಮತ್ತು ತೂಕದ ಜೊತೆ, ಈಗಲೇ ಬರೆದಿಡಿ.

ಬಯಲುಸೀಮೆಯವ:
ಸರ್, ಹೊಲ ಉಳುವಾಗ ಸಿಕ್ಕಿದ್ದಕ್ಕೂ ಇದೇ ನಿಯಮವಾ? ನನ್ನದಲ್ಲ, ಸುಮ್ನೆ ಕೇಳಿದೆ.

ಲೆಕ್ಕದ ಪುಸ್ತಕ:
ಸುಮ್ನೆ ಕೇಳಿದ್ದಕ್ಕೆ ಸುಮ್ನೆ ಉತ್ತರ: ಅಲ್ಲ. ನೆಲದಲ್ಲಿ ಸಿಕ್ಕಿದ್ದು ನಿಧಿ. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾಯ್ದೆಯೇ ಇದೆ. ಸರ್ಕಾರಕ್ಕೆ ತಿಳಿಸಲೇಬೇಕು, ಬಚ್ಚಿಟ್ಟರೆ ಅಪರಾಧ. ಯಾರದ್ದೋ ಆ ಹೊಲದವರಿಗೆ ಹೇಳಿ.

ನಾಣ್ಯಪ್ರಿಯ ಮೈಸೂರು:
ಬೆಲೆ ಹೇಳಿಸುವ ದಾರಿ. ಬೆಂಗಳೂರಿನಲ್ಲೇ ಮರುಧರ್ ಆರ್ಟ್ಸ್ ಇದೆ, ಮುಂಬೈಯಲ್ಲಿ ಟೋಡಿವಾಲಾ, ಅಹಮದಾಬಾದಿನಲ್ಲಿ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ. ಇವೆಲ್ಲ ನಾಣ್ಯ ಹರಾಜು ಮಾಡುವವರು. ಅವರ ಹಳೇ ಹರಾಜುಗಳ ಕ್ಯಾಟಲಾಗ್ ನೋಡಿ. ಇಕ್ಕೇರಿ ವರಹ, ಸದಾಶಿವ ಅಂತ ಹುಡುಕಿ, ನಿಮ್ಮದರಷ್ಟೇ ಸವೆದಿರುವುದನ್ನು ಆರಿಸಿ, ಎಷ್ಟಕ್ಕೆ ಹೋಯಿತು ಅಂತ ಬರೆದುಕೊಳ್ಳಿ. ಆ ದಿನದ ಚಿನ್ನದ ದರವನ್ನೂ ಪಕ್ಕದಲ್ಲಿ ಬರೆಯಿರಿ. ಹಳೇ ಹರಾಜಿನ ರೂಪಾಯಿ ಇವತ್ತಿಗೆ ಉಪಯೋಗವಿಲ್ಲ, ಚಿನ್ನದ ಮೇಲೆ ಎಷ್ಟು ಪಟ್ಟು ಹೋಯಿತು ಅನ್ನುವುದು ಉಪಯೋಗ. ಹತ್ತಾರು ಫಲಿತಾಂಶ ಸಿಕ್ಕರೆ ಬೆಲೆ ತಾನಾಗಿ ಗೊತ್ತಾಗುತ್ತದೆ.

ಆನ್‌ಲೈನ್ ಮಾರಾಟ ತಾಣಗಳಲ್ಲಿ ಯಾರೋ ಹಾಕಿಕೊಂಡ ಬೆಲೆ ನೋಡಬೇಡಿ. ಅದು ಕೇಳುವ ಬೆಲೆ. ಹತ್ತು ಕೋಟಿ ಅಂತ ನಾನೂ ಹಾಕಬಹುದು, ಕೊಳ್ಳುವವರು ಬೇಕಲ್ಲ.

ಮಾರುವ ಮನಸ್ಸಿದ್ದರೆ ಎರಡು ಮೂರು ಕಡೆ ತೋರಿಸಿ. ಮೊದಲು ಅವರ ಬಾಯಿಂದ ಬೆಲೆ ಬರಲಿ, ನೀವು ಹೇಳಬೇಡಿ. ಹರಾಜಿಗೆ ಕೊಟ್ಟರೆ ಕಮಿಷನ್ ಎಷ್ಟು, ಕನಿಷ್ಠ ಬೆಲೆ ಯಾರು ಗೊತ್ತುಮಾಡುತ್ತಾರೆ, ದುಡ್ಡು ಯಾವಾಗ ಕೊಡುತ್ತಾರೆ, ಇವನ್ನು ಕಾಗದದಲ್ಲಿ ಕೇಳಿ. ನಾಣ್ಯ ಕೈಬಿಡುವಾಗ ಫೋಟೋ ಸಹಿತ ರಸೀದಿ ತೆಗೆದುಕೊಳ್ಳಿ. ನಾಣ್ಯದ ಸ್ಥಿತಿ ನೋಡಿ ದರ್ಜೆ ಕೊಡುವ ಎನ್‌ಜಿಸಿ, ಪಿಸಿಜಿಎಸ್ ತರಹದ ಕಂಪನಿಗಳಿಗೆ ನಿಮ್ಮ ಈ ಎರಡನ್ನು ಕಳಿಸುವುದು ದಂಡ. ಖರ್ಚು ಹುಟ್ಟುವುದಿಲ್ಲ.

ಒರೆಗಲ್ಲು:
ಒಂದು ಎಚ್ಚರಿಕೆ. ಇಲ್ಲಿ ಫೋಟೋ ಹಾಕಿದ್ದೀರಿ, ಇನ್ನು ಮೆಸೇಜ್ ಬರಲು ಶುರುವಾಗುತ್ತದೆ. ಕೊಳ್ಳುತ್ತೇವೆ, ಮೊದಲು ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಕಟ್ಟಿ ಅನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಎಲ್ಲ ಇರುತ್ತದೆ. ಇಂಥ ವ್ಯವಹಾರ ನಾವು ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು. ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಆ ವಿಡಿಯೋಗಳಲ್ಲಿ ತೋರಿಸುವ ಹನುಮಂತನ ಚಿತ್ರದ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಇದೆಯಲ್ಲ, 1818 ಅಂತ ಬರೆದಿರುತ್ತದೆ, ಅಂಥದ್ದನ್ನು ಕಂಪನಿ ಹೊರಡಿಸಿಯೇ ಇಲ್ಲ. ರಾಮ ಪಟ್ಟಾಭಿಷೇಕದ ಟಂಕಗಳೂ ಅಷ್ಟೇ. ಪೂಜೆಗೆ ಇಟ್ಟುಕೊಳ್ಳುವ ವಸ್ತು, ಚಲಾವಣೆಯ ನಾಣ್ಯ ಅಲ್ಲ. ಬಹುಪಾಲು ಹಿತ್ತಾಳೆಗೆ ಚಿನ್ನದ ನೀರು ಹಾಕಿದ್ದು. ಇನ್ನು ಪಾಯ ತೆಗೆಯುವಾಗ ಚಿನ್ನದ ನಾಣ್ಯ ಸಿಕ್ಕಿದೆ, ಅರ್ಧ ಬೆಲೆಗೆ ಕೊಡುತ್ತೇವೆ ಅಂತ ಫೋನ್ ಬಂದರೆ ಕಟ್ ಮಾಡಿ. ಮೊದಲು ಒಂದು ಅಸಲಿ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಿ ಅನ್ನುತ್ತಾರೆ. ಆಮೇಲೆ ಕೊಡುವ ಗಂಟಿನಲ್ಲಿ ಹಿತ್ತಾಳೆ.

ಹೊಸನಗರದ ಮಗಳು:
ನಿನ್ನೆಯೇ ಮೂರು ಮೆಸೇಜ್ ಬಂದಿವೆ! ಒಬ್ಬರು 85 ಲಕ್ಷ ಕೊಡುತ್ತಾರಂತೆ, ಮೊದಲು 2,500 ಕಳಿಸಬೇಕಂತೆ. ಅಕ್ಕನ ಮಗನಿಗೆ ತೋರಿಸಿದೆ, ಮುಖ ಸಣ್ಣದಾಯಿತು.

ಹಾಲ್‌ಮಾರ್ಕಿಂಗ್ ಸೆಂಟರ್‌ನಲ್ಲಿ ನೋಡಿಸಿದೆವು. ಸವರನ್ ಮೈ ಶೇ. 91.6 ಚಿನ್ನ, ಅಂದರೆ 22 ಕ್ಯಾರಟ್; ಬೆಸುಗೆ ಹತ್ತಿರ ಶೇ. 70ರ ಆಸುಪಾಸು. ಅಗಲವೂ ಸರಿಯಾಗಿ 22. ಮೂವರೂ ಫೋನಿನಲ್ಲಿ ಮಾತಾಡಿದೆವು. ಸವರನ್ ಮಾರುವುದಿಲ್ಲ, ಅಕ್ಕ ಇಟ್ಟುಕೊಂಡು ಅದರ ಚಿನ್ನದ ಬೆಲೆಯಲ್ಲಿ ನಮ್ಮಿಬ್ಬರ ಪಾಲು ಕೊಡುತ್ತಾಳೆ. ಕೊಂಡಿಯ ತೂಕವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ವರಹ ಮೂವರ ಹೆಸರಿನಲ್ಲೇ ಬ್ಯಾಂಕ್ ಲಾಕರಿನಲ್ಲಿ ಇರುತ್ತದೆ. ತಮ್ಮ ಮೊದಲು ಮುನಿಸಿಕೊಂಡ, ಕಾನೂನು ಓದಿದ ಮೇಲೆ ಒಪ್ಪಿದ. ಬಂದಾಗ ಕೆಳದಿ, ಇಕ್ಕೇರಿ, ನಗರದ ಕೋಟೆ ನೋಡಬೇಕು ಅಂತಿದ್ದಾನೆ.

ಕೊನೆಯ ಪ್ರಶ್ನೆ. ಲಾಕರಿನಲ್ಲಿ ವರಹವನ್ನು ಯಾವುದರಲ್ಲಿ ಇಡಲಿ? ಅಮ್ಮ ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಸುತ್ತಿದ್ದರು.

ನಾಣ್ಯಪ್ರಿಯ ಮೈಸೂರು:
ಬಟ್ಟೆ ಬೇರೆ ಇಡಿ. ನಾಣ್ಯದ ಅಂಗಡಿಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಡಬ್ಬಿ ಸಿಗುತ್ತದೆ, ವರಹ ದಪ್ಪ ಇರುವುದರಿಂದ ಒಳಗೆ ಸ್ಪಂಜಿನ ಬಳೆ ಇರುವಂಥದ್ದು ಕೇಳಿ. ಪಿವಿಸಿ ಕವರ್ ಬೇಡ. ಮುಟ್ಟುವಾಗ ಅಂಚು ಹಿಡಿಯಿರಿ. ಸದಾಶಿವ ಅಂತ ಒಂದು ಚೀಟಿಯಲ್ಲಿ ಬರೆದು, ತೂಕವನ್ನೂ ಬರೆದು ಜೊತೆಗೆ ಹಾಕಿ. ಮುಂದೆ ತೆಗೆಯುವವರಿಗೆ ಹುಡುಕಾಟ ತಪ್ಪುತ್ತದೆ.

ಬಯಲುಸೀಮೆಯವ:
ನಿಧಿ ಸಿಕ್ಕರೆ ಯಾರಿಗೆ ತಿಳಿಸಬೇಕು ಸರ್, ತಹಸೀಲ್ದಾರರಿಗಾ, ಡಿಸಿ ಆಫೀಸಿಗಾ?

ಲೆಕ್ಕದ ಪುಸ್ತಕ:
ಜಿಲ್ಲಾಧಿಕಾರಿಗೆ, ಬರಹದಲ್ಲಿ. ಇವತ್ತೇ ಹೋಗಿ ಬನ್ನಿ ಸರ್.